ಕನಿಷ್ಠೋತ್ಪನ್ನ ಮೀಮಾಂಸೆ: ಪೂರ್ವಕಾಂಡ

ಯಾವ ಶಾಸ್ತ್ರವಾದರೂ ಮೊದಲು ತನ್ನ ಅಧಿಕಾರಿ ಯಾರೆಂದು ಹೇಳಿ ಮುಂದೆ ಹೋಗಬೇಕು. ವೇದಾಂತಕ್ಕೆ ಸಾಧನಚತುಷ್ಟಯ ಬೇಕು. ನಮ್ಮ ಶಾಸ್ತ್ರಕ್ಕೆ ಅಷ್ಟೆಲ್ಲ ಬೇಡ. ಎಚ್‌ಎಸ್‌ಆರ್ ಲೇಔಟಿನಲ್ಲೋ ಕೋರಮಂಗಲದಲ್ಲೋ ಮನೆ ಹಿಡಿದು, ಅಡ್ವಾನ್ಸ್ ಕೊಟ್ಟು ಮಿಕ್ಕಿದ ದುಡ್ಡಿನಲ್ಲಿ ಕಂಪನಿ ಕಟ್ಟಲು ಹೊರಟವನು, ಲಿಂಕ್ಡ್‌ಇನ್ನಿನಲ್ಲಿ ತನ್ನನ್ನು ತಾನೇ ಸಿಇಒ ಆಗಿ ನೇಮಿಸಿಕೊಂಡವನು ಇಲ್ಲಿ ಅಧಿಕಾರಿ. ಫೋನ್ ಮಾಡಿದಾಗಲೆಲ್ಲ “ಇದ್ದ ಕೆಲಸ ಯಾಕೋ ಬಿಟ್ಟೆ?” ಎನ್ನುವ ತಂದೆಯೊಬ್ಬರು ಊರಲ್ಲಿದ್ದರೆ ವೈರಾಗ್ಯ ಬೇಗ ಪಕ್ವವಾಗುತ್ತದೆ. ಪ್ರಾಚೀನರ ವಾಡಿಕೆಯಂತೆ ಈತನನ್ನು ದೇವದತ್ತನೆಂದು ಕರೆಯೋಣ. ತರ್ಕಶಾಸ್ತ್ರದ ಉದಾಹರಣೆಗಳಲ್ಲಿ ಶತಮಾನಗಳಿಂದ ದುಡಿದರೂ ಆತನಿಗೆ ಈವರೆಗೆ ಒಂದು ಶೇರೂ ಸಿಕ್ಕಿಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಅಪಾರ್ಟ್‌ಮೆಂಟಿನವರು ಟ್ಯಾಂಕರಿಗಾಗಿ ಪರದಾಡಿದ್ದನ್ನು ದೇವದತ್ತ ಕಂಡಿದ್ದಾನೆ. ನೀರಿನ ಟ್ಯಾಂಕರ್ ಬುಕ್ ಮಾಡುವ ಆಪ್ ಅವನ ಸಂಕಲ್ಪ. ಅದರ ಎಂವಿಪಿಯನ್ನು (ಮಿನಿಮಮ್ ವಯಬಲ್ ಪ್ರಾಡಕ್ಟ್, ಅಂದರೆ ಕನಿಷ್ಠೋತ್ಪನ್ನವನ್ನು) ಹೇಗೆ ಕಟ್ಟಬೇಕೆಂಬುದು ಪ್ರಸ್ತುತ ಗ್ರಂಥದ ವಿಷಯ.

ಎಂವಿಪಿಗೆ ಹೆಸರಿಟ್ಟವರು ಫ್ರಾಂಕ್ ರಾಬಿನ್‌ಸನ್, 2001ರಲ್ಲಿ. ಭಾಷ್ಯ ಬರೆದು ಮನೆಮಾತಾಗಿಸಿದವರು ಎರಿಕ್ ರೀಸ್, 2011ರ ‘ದಿ ಲೀನ್ ಸ್ಟಾರ್ಟಪ್’ ಗ್ರಂಥದಲ್ಲಿ. ಭಾಷ್ಯಕಾರರ ಆಶಯ ಸರಳ: ಆದಷ್ಟು ಕಡಿಮೆ ಶ್ರಮದಲ್ಲಿ ಗ್ರಾಹಕನ ಬಗ್ಗೆ ಆದಷ್ಟು ಹೆಚ್ಚು ತಿಳಿಯಲು ಏನು ಸಾಕೋ ಅಷ್ಟನ್ನು ಮಾಡು. ಮೂಲ ಇಷ್ಟು ಸ್ಪಷ್ಟವಾಗಿದ್ದರೆ ವಿದ್ವಾಂಸರಿಗೆ ಕೆಲಸವೇನು? ಆದ್ದರಿಂದ ಟೀಕಾಕಾರರು ಲಾಗಿನ್, ಒಟಿಪಿ, ಡಾರ್ಕ್ ಮೋಡ್, ರೆಫರಲ್ ವ್ಯಾಲೆಟ್, ಚಾಟ್‌ಬಾಟ್ ಎಂಬ ಪಂಚಾಂಗಗಳಿಲ್ಲದ್ದು ಎಂವಿಪಿಯೇ ಅಲ್ಲವೆಂದು ಸಾಧಿಸಿದರು. ಟ್ಯಾಂಕರಿನಲ್ಲಿ ನೀರಿರಬೇಕೇ ಎಂಬುದು ಎರಡನೇ ವರ್ಷನ್ನಿನ ವಿಚಾರ.

ಈಗ ಪ್ರಮಾಣವಿಚಾರ. ಗ್ರಾಹಕನಿಗೆ ಇದು ಬೇಕೆಂದು ತಿಳಿಯುವುದು ಹೇಗೆ? ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ, ಸ್ಟಾರ್ಟಪ್ ಸಂಪ್ರದಾಯ ಅವುಗಳಲ್ಲಿ ಐದನ್ನು. ಅನುಮಾನ: ಬೆಂಗಳೂರಿನಲ್ಲಿ ಕೋಟಿಗೂ ಮೀರಿ ಜನ, ಎಲ್ಲರೂ ನೀರು ಬಳಸುತ್ತಾರೆ, ನೂರಕ್ಕೆ ಒಬ್ಬರು ಬಂದರೂ ಸಾಕು. ಉಪಮಾನ: ಇದು ‘ಟ್ಯಾಂಕರ್‌ಗಳ ಊಬರ್’. ಶಬ್ದ: ಆಪ್ತರು ಪಾಡ್‌ಕಾಸ್ಟಿನಲ್ಲಿ ನುಡಿದದ್ದು. ಅನುಪಲಬ್ಧಿ: ಗೂಗಲ್ ಮಾಡಿದರೆ ಪ್ರತಿಸ್ಪರ್ಧಿ ಕಾಣಲಿಲ್ಲ, ಆದ್ದರಿಂದ ಮೈದಾನ ಖಾಲಿ. (ಯಾಕೆ ಖಾಲಿ ಎಂದು ಕೇಳುವುದು ಅತಿಪ್ರಶ್ನೆ.) ಅರ್ಥಾಪತ್ತಿಗೆ ಹಳೆಯ ಉದಾಹರಣೆಯೇ ಸಾಕು: ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು. ಆದಾಯವೇ ಇಲ್ಲದೆ ಮೈ ತುಂಬಿಕೊಳ್ಳುವ ಕಂಪನಿಯನ್ನು ಕಂಡಾಗ ವೆಂಚರ್ ಬಂಡವಾಳವನ್ನು ಊಹಿಸುವುದು ಇದೇ ನ್ಯಾಯದಿಂದ. ಸಂಪ್ರದಾಯ ಒಪ್ಪದ ಆರನೆಯದು ಪ್ರತ್ಯಕ್ಷ. ಗುರುತು ಪರಿಚಯವಿಲ್ಲದವನೊಬ್ಬ ಜೇಬಿನಿಂದ ದುಡ್ಡು ತೆಗೆದುಕೊಡುವುದನ್ನು ಕಣ್ಣಾರೆ ಕಾಣಬೇಕಾದರೆ ಮನೆ ಬಿಟ್ಟು ಹೊರಡಬೇಕು, ಬಿಸಿಲಿರುತ್ತದೆ, ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಬೇಕಾದೀತು.

ಇನ್ನು ಕಟ್ಟುವ ಬಗೆ. ಸ್ವಹಸ್ತವಾದಿಗಳು ಕೋಡನ್ನು ತಾವೇ ಬರೆಯಬೇಕೆನ್ನುತ್ತಾರೆ. ಫ್ಲಟರೋ ರಿಯಾಕ್ಟ್ ನೇಟಿವೋ, ಪೋಸ್ಟ್‌ಗ್ರೆಸ್ಸೋ ಮೊಂಗೋವೋ ಎಂಬ ಇವರ ವಾಕ್ಯಾರ್ಥಗೋಷ್ಠಿ ಮಾವಿನ ಸುಗ್ಗಿಯಲ್ಲಿ ಶುರುವಾಗಿ ಅವರೇಕಾಯಿ ಸುಗ್ಗಿಗೆ ಮುಗಿಯುತ್ತದೆ. ಕೊನೆಗೆ ಟ್ಯಾಂಕರ್ ಆಪನ್ನು ಹನ್ನೆರಡು ಮೈಕ್ರೋಸರ್ವಿಸ್‌ಗಳಾಗಿ ಸೀಳಿ, ಕುಬರ್ನೆಟಿಸ್ ಮೇಲೆ ಕೂರಿಸಿ, ಹತ್ತು ಲಕ್ಷ ಜನ ಒಟ್ಟಿಗೇ ನುಗ್ಗಿದರೂ ತಡೆಯುವಂತೆ ಮಾಡುತ್ತಾರೆ. ನುಗ್ಗುವವರು ಇಬ್ಬರು, ದೇವದತ್ತ ಮತ್ತು ಅವನ ಭಾವ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಲೋಕರೂಢಿ. ಇಲ್ಲಿ ಕುಲಾವಿಗೆ ಲೋಡ್ ಟೆಸ್ಟ್ ಕೂಡ ಆಗಿರುತ್ತದೆ.

ಏಜೆನ್ಸಿವಾದಿಗಳ ಮತದಲ್ಲಿ ಕರ್ಮ ಪರರದು, ಫಲ ಮಾತ್ರ ನಮ್ಮದು. ಗೀತೆಯನ್ನು ತಲೆಕೆಳಗಾಗಿ ಹಿಡಿದು ಓದಿದವರು. ಆರು ವಾರ ಎಂದದ್ದು ಆರು ತಿಂಗಳಾಗುತ್ತದೆ, ಬಟನ್ನಿನ ಬಣ್ಣ ಬದಲಿಸಿ ಎಂದರೆ ‘ಚೇಂಜ್ ರಿಕ್ವೆಸ್ಟ್’ ಹೆಸರಲ್ಲಿ ಬೇರೆ ಬಿಲ್ಲು ಬರುತ್ತದೆ. ನೋ-ಕೋಡ್ ಪಂಥದವರು ಕೆಲಸವನ್ನು ಬೇಗ ಮುಗಿಸುವುದರಿಂದ ವಿದ್ವತ್ ವಲಯದಲ್ಲಿ ಅವರಿಗೆ ಮರ್ಯಾದೆಯಿಲ್ಲ. 2025ರ ಫೆಬ್ರವರಿಯಲ್ಲಿ ಆಂಡ್ರೆ ಕರ್ಪತಿ ‘ವೈಬ್ ಕೋಡಿಂಗ್’ ಎಂದು ನಾಮಕರಣ ಮಾಡಿದ ಮೇಲೆ ಇನ್ನೊಂದು ಶಾಖೆಯೂ ಪ್ರಬಲವಾಗಿದೆ: ಬಾಯಲ್ಲಿ ಹೇಳಿದರೆ ಸಾಕು, ಯಂತ್ರವೇ ಬರೆಯುತ್ತದೆ. ವೇದಕ್ಕೆ ಕರ್ತೃವಿಲ್ಲ, ಆದ್ದರಿಂದ ದೋಷವಿಲ್ಲ ಎಂದರು ಮೀಮಾಂಸಕರು. ಈ ಕೋಡಿಗೂ ಕರ್ತೃವಿಲ್ಲ, ಆದ್ದರಿಂದ ಬಗ್ ಬಂದ ದಿನ ಬೈಯಲು ಯಾರೂ ಸಿಗುವುದಿಲ್ಲ.

ಸಹಸಂಸ್ಥಾಪಕ ಬೇಕೇ ಎಂಬಲ್ಲಿ ತ್ರಿಮತಭೇದವಿದೆ. ಅದ್ವೈತಿಗೆ ತಾನೊಬ್ಬನೇ ಸತ್ಯ, ಉಳಿದದ್ದೆಲ್ಲ ಫ್ರೀಲಾನ್ಸರ್. ದ್ವೈತದಲ್ಲಿ ಇಬ್ಬರಿರುತ್ತಾರೆ, ಭೇದ ನಿತ್ಯ. ವಿಶಿಷ್ಟಾದ್ವೈತದಲ್ಲಿರುವುದು ಶರೀರ-ಶರೀರಿ ಸಂಬಂಧ: “ಮಗಾ, ಐಡಿಯಾ ನಂದು, ಕೋಡ್ ಎಲ್ಲ ನೀನ್ ಮಾಡು, ಎರಡು ಪರ್ಸೆಂಟ್ ಕೊಡ್ತೀನಿ.”

ಇವರೆಲ್ಲರಿಂದ ದೂರ ನಿಂತ ನಾಸ್ತಿಕ ಪಂಥವೊಂದುಂಟು. ಪ್ರತ್ಯಕ್ಷವೊಂದನ್ನೇ ನಂಬುವ ಚಾರ್ವಾಕರ ವಂಶ. ಕಟ್ಟಬೇಡ, ಮೊದಲು ಮಾರಿ ನೋಡು ಎನ್ನುತ್ತಾರೆ. ಇವರನ್ನು ಖಂಡಿಸಲೆಂದೇ ಗ್ರಂಥಕರ್ತನು ಲೇಖನಿ ಹಿಡಿದದ್ದು; ಇತಿಹಾಸ ಸಹಕರಿಸುತ್ತಿಲ್ಲ. 1999ರಲ್ಲಿ ಕ್ಯಾಲಿಫೋರ್ನಿಯಾದ ನಿಕ್ ಸ್ವಿನ್‌ಮರ್ನ್ ಒಂದು ಜೊತೆ ಚಪ್ಪಲಿಯ ದಾಸ್ತಾನೂ ಇಲ್ಲದೆ ಪಾದರಕ್ಷೆ ಮಾರಲು ಹೊರಟ. ಅಂಗಡಿಗೆ ಹೋಗಿ ಬೂಟುಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದ. ಯಾರಾದರೂ ಆರ್ಡರ್ ಕೊಟ್ಟರೆ ಅದೇ ಅಂಗಡಿಯಲ್ಲಿ ಪೂರ್ತಿ ಬೆಲೆ ತೆತ್ತು ಕೊಂಡು ಅಂಚೆಗೆ ಹಾಕಿದ. ಪ್ರತಿ ಜೊತೆಯಲ್ಲೂ ನಷ್ಟ. ಆದರೆ ಕಾಲಿಗೆ ಹಾಕಿ ನೋಡದೆ ಜನ ಬೂಟು ಕೊಳ್ಳುತ್ತಾರೆಯೇ ಎಂಬ ಒಂದೇ ಸಂಶಯ ತೀರಬೇಕಿತ್ತು, ತೀರಿತು. ಅದು ಜಾಪೋಸ್, 2009ರಲ್ಲಿ ಅಮೆಜಾನ್ ಅದನ್ನು ಕೊಂಡಿತು. 2007ರಲ್ಲಿ ನಮ್ಮ ಕೋರಮಂಗಲದಲ್ಲೇ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಫ್ಲಿಪ್‌ಕಾರ್ಟ್ ತೆರೆದಾಗಲೂ ಗೋದಾಮಿರಲಿಲ್ಲ. ಮೊದಲ ಆರ್ಡರ್ ಮಹಬೂಬ್‌ನಗರದಿಂದ, ಜಾನ್ ವುಡ್ ಬರೆದ ಒಂದು ಪುಸ್ತಕಕ್ಕೆ. ಪುಸ್ತಕ ಕೈಯಲ್ಲಿಲ್ಲ, ಬೆಂಗಳೂರಿನ ಅಂಗಡಿಗಳನ್ನು ಸುತ್ತಿ ಹುಡುಕಿ ಕಳಿಸಿದರು. ಅಂದಿನ ಬ್ಯಾಕೆಂಡ್ ಎಂದರೆ ನಾಲ್ಕು ಕಾಲು. 2018ರಲ್ಲಿ ವಾಲ್‌ಮಾರ್ಟ್ ಆ ಕಂಪನಿಯ ಶೇಕಡ 77 ಪಾಲಿಗೆ 1,600 ಕೋಟಿ ಡಾಲರ್ ಕೊಟ್ಟಿತು. ಡ್ರಾಪ್‌ಬಾಕ್ಸ್‌ನ ಡ್ರೂ ಹೌಸ್ಟನ್ ಇನ್ನೂ ಅಧರ್ಮಿ: ಉತ್ಪನ್ನ ಜನರ ಕೈಗೆ ಬರುವ ಮೊದಲೇ ಸಣ್ಣದೊಂದು ವಿಡಿಯೋ ಬಿಟ್ಟ, ಕಾಯುವವರ ಪಟ್ಟಿ ಒಂದೇ ರಾತ್ರಿಯಲ್ಲಿ 5,000ದಿಂದ 75,000ಕ್ಕೆ ಹಾರಿತು.

ಈ ಪಂಥದ ಆದಿಪುರುಷ ವುಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂದು ಊಹಿಸಲು ಅವಕಾಶವಿದೆ. 1770ರಲ್ಲಿ ಈತ ವಿಯೆನ್ನಾದ ಅರಮನೆಯಲ್ಲಿ ತಾನಾಗಿ ಚದುರಂಗವಾಡುವ ಯಂತ್ರ ತೋರಿಸಿದ. ತುರ್ಕಿ ಪೋಷಾಕಿನ ಆ ಬೊಂಬೆ ಮುಂದೆ ನೆಪೋಲಿಯನ್ನನನ್ನೂ ಸೋಲಿಸಿತು. ಪೆಟ್ಟಿಗೆಯೊಳಗೆ ಒಬ್ಬ ಮನುಷ್ಯ ಕೂತಿರುತ್ತಿದ್ದ. ಇಂದು “ನಮ್ಮ ಎಐ ತಕ್ಷಣ ಉತ್ತರಿಸುತ್ತದೆ” ಎಂಬಲ್ಲೆಲ್ಲ ಪೆಟ್ಟಿಗೆಯೊಳಗೆ ಬಿಟಿಎಂ ಲೇಔಟಿನ ಇಂಟರ್ನ್ ಒಬ್ಬ ಕೂತಿರುತ್ತಾನೆಂದು ಸಾಮಾನ್ಯೀಕರಿಸುವುದು ತಪ್ಪು. ಕೆಲವು ಕಡೆ ಇಬ್ಬರಿರುತ್ತಾರೆ.

ಇಲ್ಲಿ ಪೂರ್ವಪಕ್ಷ: “ಅದೆಲ್ಲ ಸ್ಕೇಲ್ ಆಗಲ್ಲ ಸಾರ್.” ನಾಸ್ತಿಕರು ಪಾಲ್ ಗ್ರಹಾಂ 2013ರಲ್ಲಿ ಬರೆದ ಪ್ರಬಂಧವನ್ನು ಮುಂದಿಡುತ್ತಾರೆ, ಸ್ಕೇಲ್ ಆಗದ್ದನ್ನೇ ಮೊದಲು ಮಾಡಿ ಎಂಬುದು ಅದರ ಶೀರ್ಷಿಕೆಯಲ್ಲೇ ಇದೆ. ಪರಿಪೂರ್ಣವಾಗಿ ಕಟ್ಟಬೇಕೆಂಬ ನಮ್ಮ ಪಕ್ಷಕ್ಕೆ ಸಿಕ್ಕ ಭವ್ಯ ನಿದರ್ಶನ ಜ್ಯೂಸೆರೊ. ಸುಮಾರು 12 ಕೋಟಿ ಡಾಲರ್ ಬಂಡವಾಳ, ಟನ್‌ಗಟ್ಟಲೆ ಒತ್ತಡ, ವೈಫೈ, ಎಲ್ಲವೂ ಇದ್ದ ಹಣ್ಣಿನ ರಸದ ಯಂತ್ರ. 2017ರಲ್ಲಿ ಬ್ಲೂಮ್‌ಬರ್ಗ್‌ನ ವರದಿಗಾರರು ಅದರ ಪೊಟ್ಟಣವನ್ನು ಬರಿಗೈಯಲ್ಲಿ ಹಿಂಡಿ ಹೆಚ್ಚುಕಡಿಮೆ ಅಷ್ಟೇ ರಸ ತೆಗೆದರು. ಅದೇ ವರ್ಷ ಕಂಪನಿ ಮುಚ್ಚಿತು. ಗಾಂಧಿ ಬಜಾರಿನ ಕಬ್ಬಿನ ಹಾಲಿನವನಿಗೆ ಈ ಕಥೆ ಹೇಳಬಾರದು.

ನಾಸ್ತಿಕರ ಮಾತು ಕೇಳಿ ದೇವದತ್ತ ಒಂದು ಅಕಾರ್ಯ ಮಾಡಿದನೆನ್ನೋಣ. ಆಪ್ ಅರ್ಧಕ್ಕೆ ಬಿಟ್ಟು, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ “ಟ್ಯಾಂಕರ್ ನೀರಿಗೆ ಫೋನ್ ಮಾಡಿ” ಎಂದು ತನ್ನ ನಂಬರ್ ಬರೆದ ಚೀಟಿ ಅಂಟಿಸಿದ. ಬೆಳಿಗ್ಗೆ ಐದೂವರೆಗೆ ಫೋನು.

“ಟ್ಯಾಂಕರ್‌ನವ್ರಾ?”

“ಹೌದು ಮೇಡಂ. ಬುಕ್ ಮಾಡ್ಲಾ?”

“ಬುಕ್ ಮಾಡೋಕೆ ನಮ್ಮ ಸೆಕ್ಯುರಿಟಿಯವರ ಹತ್ರ ಹತ್ತು ನಂಬರ್ ಇದೆಯಪ್ಪ. ಆರು ಸಾವಿರ ಲೀಟರ್ ಅಂತ ದುಡ್ಡು ತಗೋತಾರೆ, ಸಂಪಿಗೆ ಎಷ್ಟು ಬೀಳುತ್ತೆ ಅಂತ ನೋಡೋರಿಲ್ಲ. ಅದನ್ನ ಅಳೆದು ಕೊಡ್ತೀರಾ? ಕೊಡೋದಾದ್ರೆ ತಿಂಗಳಿಗಿಷ್ಟು ಅಂತ ಅಸೋಸಿಯೇಷನ್ನಿಂದಲೇ ಕೊಡಿಸ್ತೀನಿ.”

ದೇವದತ್ತ ಈ ಸಂಗತಿಯನ್ನು ವಿದ್ವತ್ ಸಭೆಯ ಮುಂದಿಟ್ಟ. ಸ್ವಹಸ್ತವಾದಿಗಳು ಬುಕಿಂಗ್ ಮಾಡ್ಯೂಲ್ ಆಗಲೇ ಮುಗಿದಿದೆ ಎಂದರು. ಏಜೆನ್ಸಿವಾದಿಗಳು ಇದನ್ನು ಚೇಂಜ್ ರಿಕ್ವೆಸ್ಟ್ ಎಂದು ಬರೆದುಕೊಂಡರು. ಒಬ್ಬ ಹೆಂಗಸು ಬೆಳಗಿನ ಜಾವ ಆಡಿದ ಮಾತು ಡೇಟಾ ಅಲ್ಲ, ಬರೀ ಅನುಭವ ಎಂದು ಹಿರಿಯ ಮೆಂಟರೊಬ್ಬರು ತೀರ್ಪಿತ್ತರು. ನೀರು ಅಳೆಯುವ ಮೀಟರು ಹಾರ್ಡ್‌ವೇರ್ ಕಾಂಡಕ್ಕೆ ಸೇರಿದ್ದು. ಆ ಕಾಂಡ ಬರೆಯಲು ಸೀಡ್ ರೌಂಡ್ ಆಗಬೇಕು. ಹಾಗಾಗಿ ಮೇಡಂ ಅವರಿಗೆ ಚಾಟ್‌ಬಾಟಿನ ಲಿಂಕ್ ಕಳಿಸಲಾಯಿತು.