ಎಗ್ಮೋರಿನ ಮನೆಗೆ ಕಡಲು ಜೋಡಿಸುವ ವಿಧಾನ

ಎಗ್ಮೋರಿನ ಗಲ್ಲಿಗಳಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ ಹಿಡಿದು, ಊರು ಯಾವುದೆಂದು ಕೇಳಿದರೆ ಕುಂದಾಪುರ, ಉಡುಪಿ, ಮಂಗಳೂರು ಎನ್ನುವ ಕುಟುಂಬಗಳಿಗಾಗಿ ಈ ಕೈಪಿಡಿ. ಸ್ವಂತ ಮನೆಯವರೂ ಓದಬಹುದು. ಆದರೆ ಅವರಿಗೆ ಎಲ್ಲಿ ಬೇಕಾದರೂ ಮೊಳೆ ಹೊಡೆಯುವ ಸ್ವಾತಂತ್ರ್ಯ ಇರುವುದರಿಂದ ಇಲ್ಲಿನ ಅರ್ಧ ಉಪಾಯಗಳು ಅವರಿಗೆ ದಂಡ. ಒಟ್ಟು ಖರ್ಚು ಹತ್ತು ಸಾವಿರ ರೂಪಾಯಿ ದಾಟಬಾರದು. ದಾಟಿದರೆ ಅದಕ್ಕೆ ಇಂಟೀರಿಯರ್ ಡಿಸೈನ್ ಎನ್ನುತ್ತಾರೆ, ಅದರ ಕೈಪಿಡಿ ಬೇರೆ.

ಶುರು ಮಾಡುವ ಮುಂಚೆ

ಮೊದಲು ದಿಕ್ಕು ಸರಿಮಾಡಿಕೊಳ್ಳಿ. ಬೈಂದೂರಿನಿಂದ ಉಳ್ಳಾಲದವರೆಗೆ ಹುಟ್ಟಿದವರ ತಲೆಯೊಳಗೆ ಕಡಲು ಇರುವುದು ಪಶ್ಚಿಮಕ್ಕೆ. ಎಗ್ಮೋರಿನಲ್ಲಿ ಪಶ್ಚಿಮಕ್ಕೆ ಇರುವುದು ಚೇತ್‌ಪೇಟ್. ಸಮುದ್ರ ಪೂರ್ವಕ್ಕಿದೆ, ಮೂರ್ನಾಲ್ಕು ಕಿಲೋಮೀಟರ್ ಆಚೆ. ನಡುವೆ ಚಿಂತಾದ್ರಿಪೇಟೆಯೂ ಕೂವಂ ನದಿಯೂ ಅಡ್ಡ ಮಲಗಿವೆ. ಇಲ್ಲಿ ಸೂರ್ಯ ಕಡಲಿನಿಂದ ಏಳುತ್ತಾನೆ, ಊರಿನಲ್ಲಿ ಕಡಲಿಗೆ ಇಳಿಯುತ್ತಾನೆ. ಇದನ್ನು ಒಪ್ಪಿಕೊಳ್ಳದೆ ಸಂಜೆ ಹೊತ್ತು ಪಶ್ಚಿಮದ ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ ಹಾಕಿ ಕೂತವರಿಗೆ ಸಿಗುವುದು ಎದುರು ಮನೆಯ ಏಸಿಯ ಬಿಸಿ ಉಸಿರು ಮಾತ್ರ.

ಆದ್ದರಿಂದ ಮೊದಲ ಕೆಲಸಕ್ಕೆ ಒಂದು ಪೈಸೆಯೂ ಬೇಡ: ಪೂರ್ವದ ಕಿಟಕಿಗೆ ಬೆನ್ನು ಕೊಟ್ಟು ನಿಂತ ಗೋದ್ರೇಜ್ ಬೀರುವನ್ನು ಅಲ್ಲಿಂದ ಎಳೆಯಿರಿ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೆಲ ಕಾದು, ಅದರ ಮೇಲಿನ ಗಾಳಿ ಏರಿ, ಆ ಜಾಗಕ್ಕೆ ಬಂಗಾಳ ಕೊಲ್ಲಿಯ ತಂಪು ಗಾಳಿ ನುಗ್ಗುತ್ತದೆ. ಮೇ, ಜೂನಿನಲ್ಲಿ ಪಶ್ಚಿಮದ ಒಣಗಾಳಿ ಜೋರಾಗಿದ್ದರೆ ಅದು ತಡ ಮಾಡುತ್ತದೆ. ಆ ದಿನ ಚೆನ್ನೈಯಲ್ಲಿ ಯಾರೂ ಯಾರೊಂದಿಗೂ ನೆಟ್ಟಗೆ ಮಾತಾಡುವುದಿಲ್ಲ. ಕಡಲ ಗಾಳಿ ಬಂತೆಂದರೆ ಮನೆಯೊಳಗಿನ ಪರದೆ, ಕ್ಯಾಲೆಂಡರು, ಮೇಜಿನ ಮೇಲಿನ ಕರೆಂಟ್ ಬಿಲ್ಲು ಎಲ್ಲವೂ ಎದ್ದು ನಿಲ್ಲುತ್ತವೆ. ನಿಜವಾದ ಕಡಲು ಮನೆಗೆ ಬರುವುದು ಹೀಗೆ. ಉಳಿದದ್ದೆಲ್ಲ ಅದರ ವೇಷ.

ಕೊಳ್ಳಬಾರದ ಸಾಮಾನು

ಲಂಗರು. ಲೈಟ್‌ಹೌಸು. ಹಡಗಿನ ಚಕ್ರ. ‘ಬೀಚ್’ ಎಂದು ಬರೆದು ಬಾಣದ ಗುರುತು ಹಾಕಿದ ಹಲಗೆ. ಇವೆಲ್ಲ ಯಾವುದೋ ದೇಶದ, ಬೇಸಿಗೆಗೆ ಮಾತ್ರ ಬೀಗ ತೆಗೆಯುವ ಮನೆಗಳ ಸಾಮಾನು. ಮಲ್ಪೆಯಲ್ಲಿ ಯಾರ ಮನೆಯ ಹಾಲಿನಲ್ಲೂ ಲಂಗರು ನೇತಾಡುವುದನ್ನು ನಾನು ಕಂಡಿಲ್ಲ. ಅದು ದೋಣಿಯಲ್ಲಿ ಇರುತ್ತದೆ, ಕೆಲಸಕ್ಕೆ ಬೇಕು.

ಹವಳದ ತುಂಡು, ಒಣಗಿಸಿದ ಕಡಲಕುದುರೆ ಯಾರಾದರೂ ಗುಟ್ಟಾಗಿ ತೋರಿಸಿದರೆ ಮುಟ್ಟಲೇಬೇಡಿ. 2001ರಲ್ಲಿ ಇವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿದವು, ಹುಲಿಯ ಸಾಲಿಗೆ. ಷೋಕೇಸಿನಲ್ಲಿ ಹವಳ ಇಡುವುದೂ ಹುಲಿಚರ್ಮ ಹಾಸುವುದೂ ಕಾನೂನಿನ ಕಣ್ಣಿಗೆ ನೆಂಟರೇ.

ಭಾರೀ ಗಾತ್ರದ ಕಡಲಿನ ವಸ್ತು ನೋಡಲೇಬೇಕೆಂಬ ಆಸೆಯಿದ್ದರೆ ಪ್ಯಾಂಥಿಯನ್ ರಸ್ತೆಯ ಸರಕಾರಿ ಮ್ಯೂಸಿಯಮ್ಮಿಗೆ ನಡೆದು ಹೋಗಿ. ಶುಕ್ರವಾರ ಬೇಡ, ರಜೆ. 1851ರಲ್ಲಿ ಶುರುವಾದ ಈ ಸಂಸ್ಥೆಯ ಪ್ರಾಣಿ ವಿಭಾಗದಲ್ಲಿ ಹದಿನೆಂಟು ಮೀಟರಿಗೂ ಉದ್ದದ ತಿಮಿಂಗಿಲದ ಅಸ್ಥಿಪಂಜರವಿದೆ. ಅದು ಮರೀನಾದ್ದಲ್ಲ. 1874ರಲ್ಲಿ ಮಂಗಳೂರಿನ ದಡಕ್ಕೆ ಬಂದು ಬಿದ್ದದ್ದು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ನಮ್ಮ ಕಡೆಯ ಓದಿದ ಹುಡುಗರು, ಹೋಟೆಲು ತೆಗೆಯುವವರು, ಕೋರ್ಟಿನ ಅಪೀಲುಗಳು ಹಿಡಿದ ದಾರಿಯನ್ನೇ ತಿಮಿಂಗಿಲವೂ ಹಿಡಿಯಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಕಡತಗಳನ್ನು ಯಾರಾದರೂ ಕೇಳಿ ತಂದಿರಬಹುದು. ತಿಮಿಂಗಿಲ ಮಾತ್ರ ಎಗ್ಮೋರಿನಲ್ಲೇ ಉಳಿಯಿತು. ಊರಿನಿಂದ ನೆಂಟರು ಬಂದರೆ ತೋರಿಸಿ. ನಿಮ್ಮ ಮನೆಯ ಅಲಂಕಾರದ ಬಗ್ಗೆ ಅವರ ನಿರೀಕ್ಷೆಯೂ ತಕ್ಕಮಟ್ಟಿಗೆ ಇಳಿಯುತ್ತದೆ.

ಬಟ್ಟೆ

ಬಜೆಟ್ಟಿನ ಅರ್ಧ ಇಲ್ಲಿಗೆ. ಅದೇ ಪ್ಯಾಂಥಿಯನ್ ರಸ್ತೆಯ ಆಸುಪಾಸಿನಲ್ಲಿ ಕಾಟನ್ ಸ್ಟ್ರೀಟ್ ಎಂದೇ ಹೆಸರಾದ ಬಟ್ಟೆ ಅಂಗಡಿಗಳ ಸಾಲಿದೆ. ರಫ್ತಿಗೆಂದು ನೇಯ್ದು ಉಳಿದ, ಅಥವಾ ಎಲ್ಲೋ ಒಂದು ಎಳೆ ತಪ್ಪಿ ವಾಪಸು ಬಂದ ಥಾನುಗಳು ಇಲ್ಲಿ ಅಂಗಡಿ ಬಾಗಿಲಿನಿಂದ ಫುಟ್‌ಪಾತಿನವರೆಗೆ ಬಂದು ನಿಂತಿರುತ್ತವೆ.

ಅಂಗಡಿಗೆ ಹೋಗುವಾಗ ಕಿಟಕಿಯ ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ನಮ್ಮ ಕಿಟಕಿ ಇಷ್ಟಿರಬಹುದು’ ಎಂದು ಎರಡೂ ಕೈ ಚಾಚಿ ತೋರಿಸಿದವರ ಕೈ ಅಂಗಡಿಯಲ್ಲಿ ಯಾವಾಗಲೂ ಉದ್ದವಾಗುತ್ತದೆ. ಪರದೆಗೆ ಕಿಟಕಿಯ ಅಗಲದ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ಬೇಕು, ಇಲ್ಲದಿದ್ದರೆ ನೆರಿಗೆ ಬೀಳದೆ ಒಗೆದು ಹಾಕಿದ ಪಂಚೆಯ ಹಾಗೆ ಕಾಣುತ್ತದೆ. ಹತ್ತಿಬಟ್ಟೆ ಮೊದಲ ನೀರಿಗೇ ಕುಗ್ಗುವುದರಿಂದ ಹೊಲಿಸುವ ಮುಂಚೆ ಒಮ್ಮೆ ನೆನೆಸಿ ಒಣಗಿಸಿ. ಥಾನು ಬಿಚ್ಚಿಸಿ ಬೆಳಕಿಗೆ ಹಿಡಿದು ನೋಡಿ. ತಪ್ಪಿದ ಎಳೆ ನಡುಮಧ್ಯೆ ಇದ್ದರೆ ಚೌಕಾಶಿ ಮಾಡಿ, ಅಂಚಿನಲ್ಲಿದ್ದರೆ ಇನ್ನೂ ಜೋರಾಗಿ ಚೌಕಾಶಿ ಮಾಡಿ, ಹೇಗೂ ಅದು ಮಡಿಕೆಯೊಳಗೆ ಹೋಗುತ್ತದೆ. ಅಂಗಡಿಯವರು ‘ಎಕ್ಸ್‌ಪೋರ್ಟ್ ಕ್ವಾಲಿಟಿ ಸಾರ್’ ಎನ್ನುತ್ತಾರೆ. ಹೋಗದೆ ಉಳಿದದ್ದಕ್ಕೆ ಆ ಹೆಸರು ಹೇಗೆ ಎಂದು ಕೇಳಬೇಡಿ, ಬೆಲೆ ಏರುತ್ತದೆ.

ಬಣ್ಣದ ವಿಷಯದಲ್ಲಿ ಮ್ಯಾಗಜೀನುಗಳು ಬಿಳಿ ಮೇಲೆ ನೀಲಿ ಪಟ್ಟೆ ಹೇಳುತ್ತವೆ. ಈ ಊರಿನಲ್ಲಿ ಅದಕ್ಕಿಂತ ಹಳೆಯದೂ ಅಗ್ಗದ್ದೂ ಇದೆ: ಲುಂಗಿಯ ಚೌಕಳಿ. ಲೋಕವೆಲ್ಲ ‘ಮದ್ರಾಸ್’ ಎಂದು ಕರೆದು ಅಂಗಿ ಹೊಲಿಸಿಕೊಂಡ ಬಟ್ಟೆ. ಒಗೆದಾಗ ಬಣ್ಣ ಬಿಡುತ್ತದೆಂದು ಒಂದು ಕಾಲದಲ್ಲಿ ದೂರು ಬಂದಾಗ, ಅಮೆರಿಕದ ವ್ಯಾಪಾರಿಗಳು ಬಣ್ಣ ಬಿಡುವುದೇ ಇದರ ಗ್ಯಾರಂಟಿ ಎಂದು ಜಾಹೀರಾತು ಕೊಟ್ಟು ಮಾರಿದ್ದರು. ನಿಮ್ಮ ಪರದೆ ಸೋಫಾದ ಕವರಿಗೆ ನೀಲಿ ಬಳಿದರೆ ಹೆಂಡತಿಯ ಎದುರು ಇದೇ ಚರಿತ್ರೆ ಹೇಳಿ ನೋಡಿ. ಫಲಿತಾಂಶಕ್ಕೆ ಈ ಕೈಪಿಡಿ ಹೊಣೆಯಲ್ಲ. ಚೌಕಾಶಿ ಬಾರದವರಿಗೆ ಅದೇ ರಸ್ತೆಯಲ್ಲಿ ಕೋ-ಆಪ್ಟೆಕ್ಸ್ ಇದೆ, 1935ರ ಕೈಮಗ್ಗದ ಸಹಕಾರಿ ಸಂಘ. ಬೆಲೆ ಚೀಟಿಯಲ್ಲಿರುತ್ತದೆ, ರಿಬೇಟಿನ ಕಾಲ ಕಾಯಿರಿ.

ನೆಲಕ್ಕೆ ಕಾರ್ಪೆಟ್ ಬೇಡ. ಇಲ್ಲಿನ ಸೆಖೆಗೆ ಅದರ ಅಡಿಯಲ್ಲೇ ಒಂದು ಕಾಡು ಬೆಳೆಯುತ್ತದೆ. ಕೋರೆಹುಲ್ಲಿನ ಚಾಪೆ ಹಾಸಿ, ಬಾಗಿಲಿಗೆ ತೆಂಗಿನ ನಾರಿನ ಕಾಲೊರಸು ಇಡಿ. ಮುಗಿಯಿತು.

ಗೋಡೆ

ಇಲ್ಲಿ ಸ್ವಲ್ಪ ಶ್ರದ್ಧೆ ಬೇಕು, ಯಾಕೆಂದರೆ ಕಡಲನ್ನೇ ಗೋಡೆಗೆ ಬಳಿಯುವ ವಿದ್ಯೆ ಈ ಊರಿನದು. ಹಳೆಯ ಮದ್ರಾಸಿನ ಬಂಗಲೆಗಳ ಗೋಡೆ, ಕಂಬಗಳು ಅಮೃತಶಿಲೆಯ ಹಾಗೆ ಹೊಳೆಯುತ್ತಿದ್ದುದನ್ನು ಕಂಡು ಬಂದುಹೋದ ಯುರೋಪಿಯನ್ನರು ಬೆರಗಾಗಿ ಬರೆದಿಟ್ಟಿದ್ದಾರೆ. ಅದು ಚಿಪ್ಪಿನ ಸುಣ್ಣ. ಚಿಪ್ಪು ಸುಟ್ಟು, ನೀರು ಹಾಕಿ ಅರಳಿಸಿ, ನುಣ್ಣಗೆ ಅರೆದು, ಮೊಟ್ಟೆಯ ಬಿಳಿ, ಮೊಸರು, ತುಪ್ಪ, ಬೆಲ್ಲ ಸೇರಿಸಿ, ಪದರದ ಮೇಲೆ ಪದರ ಬಳಿದು ಕಲ್ಲಿನಿಂದ ಉಜ್ಜುತ್ತಿದ್ದರು. ಇಂದಿನ ಬೆಲೆಯಲ್ಲಿ ಒಂದು ಗೋಡೆಗೆ ಹಿಡಿಯುವ ತುಪ್ಪದಲ್ಲಿ ಒಂದು ಸಣ್ಣ ಮದುವೆ ಮಾಡಬಹುದು, ಆದ್ದರಿಂದ ಉಜ್ಜುವುದನ್ನು ಬಿಟ್ಟು ಬಳಿಯುವುದನ್ನು ಮಾತ್ರ ಉಳಿಸಿಕೊಳ್ಳೋಣ.

ಅಂಗಡಿಯಲ್ಲಿ ‘ಕಿಳಿಂಜಲ್ ಸುಣ್ಣಾಂಬು’ ಎಂದು ಕೇಳಿ. ಊರಿನಲ್ಲಿ ಮರುವಾಯಿ ತಿಂದು ಎಸೆದ ಚಿಪ್ಪಿನ ರಾಶಿ ಆಮೇಲೆ ಎಲೆಯಡಿಕೆಗೂ ಗೋಡೆಗೂ ಸುಣ್ಣವಾಗಿ ಬರುತ್ತಿತ್ತಲ್ಲ, ಅದೇ ವಂಶ. ಅರಳಿಸದ ಸುಣ್ಣ ಸಿಕ್ಕಿದರೆ ಪ್ಲಾಸ್ಟಿಕ್ ಬಕೆಟ್ ಬೇಡ. ನೀರು ತಾಗಿದ ಕೂಡಲೇ ಕೊತಕೊತ ಕುದಿಯುತ್ತದೆ. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸುಣ್ಣ, ಮಕ್ಕಳು ದೂರ, ಕಣ್ಣಿಗೆ ಕನ್ನಡಕ. ಒಂದೆರಡು ದಿನ ಬಿಟ್ಟು ಹಳೆಯ ಪಂಚೆಯಲ್ಲಿ ಸೋಸಿ, ಗಂಜಿ ತಿಳಿ ಬೆರೆಸಿ, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸಿ. ಬಕೆಟಿನಲ್ಲಿ ಕಂಡ ಬಣ್ಣವನ್ನು ನಂಬಬೇಡಿ, ಒಣಗಿದಾಗ ಬಹಳ ತಿಳಿಯಾಗುತ್ತದೆ. ತೆಳ್ಳಗೆ ಎರಡು ಕೈ ಹೊಡೆಯಿರಿ.

ಬಳಿದ ಸುಣ್ಣ ದಿನಗಳೆದಂತೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಸುಡುವ ಮುಂಚೆ ಚಿಪ್ಪು ಏನಾಗಿತ್ತೋ ಅದೇ. ಮೂರನೇ ಮಹಡಿಯಲ್ಲಿ, ಸ್ವಿಚ್‌ಬೋರ್ಡಿನ ಸುತ್ತ, ನಿಮ್ಮ ಗೋಡೆ ಸದ್ದಿಲ್ಲದೆ ಮತ್ತೆ ಚಿಪ್ಪಾಗುತ್ತಿರುತ್ತದೆ. ಈ ಕೈಪಿಡಿಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು, ದುರದೃಷ್ಟಕ್ಕೆ ಹೆಚ್ಚಿನವರಿಗೆ ಉಪಯೋಗವಿಲ್ಲದ್ದೂ ಇದೇ. ಈಗಿನ ಫ್ಲ್ಯಾಟುಗಳ ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಬಳಿದಿರುತ್ತಾರೆ, ಅದರ ಮೇಲೆ ಸುಣ್ಣ ನಿಲ್ಲದೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಅಂಥವರು ಬಾಲ್ಕನಿಯ ಹೊರಗೋಡೆಯಲ್ಲಿ ಆಸೆ ತೀರಿಸಿಕೊಳ್ಳಬೇಕು.

ಬಲೆ

ಕಾಸಿಮೇಡಿನ ಬಂದರಿನ ಹತ್ತಿರ ಹಳೆಯ ನೈಲಾನ್ ಬಲೆ ವಿಚಾರಿಸಿ. ತಂದ ಮೇಲೆ ಸೋಪಿನ ನೀರಿನಲ್ಲಿ ನೆನೆಸಿ, ತಾರಸಿಯ ಬಿಸಿಲಿಗೆ ಹಾಕಿ, ಮತ್ತೆ ನೆನೆಸಿ. ವಾಸನೆ ಹೋಯಿತೆಂದು ನಿಮಗೆ ಅನ್ನಿಸಿದ ಮೇಲೂ ಪಕ್ಕದ ಮನೆಯ ಬೆಕ್ಕು ಬಂದು ಪರೀಕ್ಷೆ ಮಾಡಿ ಹೋಗುವವರೆಗೆ ಒಳಗೆ ತರಬೇಡಿ. ಹಾಲಿನ ಒಂದು ಮೂಲೆಯಲ್ಲಿ, ಸೀರಿಯಲ್ ಲೈಟು ಪೋಣಿಸಿ, ಇಳಿಬಿಡಿ.

ಕುಂದಾಪುರದಿಂದ ಅಮ್ಮ ಬರುವ ದಿನಕ್ಕೆ ಮೊದಲು ಇದನ್ನು ಮುಗಿಸಿದರೆ ಪ್ರತಿಕ್ರಿಯೆ ಹೀಗಿರುತ್ತದೆ: ‘ಎಂತ ಮಾಣಿ ಇದ್? ಬಲಿ ಮನಿಯೊಳ್ಗ್ ಎಂತಕ್ ಕಟ್ಟಿದ್ರಿ, ಮೀನ್ ಗ್ವಾಡಿ ಮೇಲ್ ಬತ್ತಾ?’ ವಾದಿಸಬೇಡಿ. ಕಡಲ ಬದಿಯಲ್ಲಿ ಐವತ್ತು ಮಳೆಗಾಲ ಕಳೆದವರಿಗೆ ಕಡಲೆಂದರೆ ತುಕ್ಕು ಹಿಡಿದ ಬೀಗ, ಒಣಗದ ಬಟ್ಟೆ, ಜೂನ್ ಜುಲೈಯ ಮೀನುಗಾರಿಕೆ ರಜೆಯಲ್ಲಿ ಒಣಮೀನಿನ ಡಬ್ಬ. ಇದನ್ನು ಹಣ ಕೊಟ್ಟು ಮನೆಗೆ ತರುವ ಜನ ಇದ್ದಾರೆಂಬುದೇ ಅವರಿಗೆ ಹೊಸ ಸುದ್ದಿ. ಎರಡು ದಿನದಲ್ಲಿ ಬಲೆ ಮೂಲೆಯಿಂದ ಮಾಯವಾಗಿ ತಾರಸಿಯಲ್ಲಿ, ಒಣಗಲು ಹಾಕಿದ ಹಲಸಿನ ಹಪ್ಪಳದ ಮೇಲೆ, ಕಾಗೆಗೆ ಅಡ್ಡವಾಗಿ ಹರಡಿಕೊಂಡಿರುತ್ತದೆ. ಅಲ್ಲಿ ಚೆನ್ನಾಗಿಯೇ ಕಾಣುತ್ತದೆ, ಬಿಡಿ.

ಮನೆಯಲ್ಲೇ ಇರುವ ಬಿಡಿಭಾಗಗಳು

ಅಂಗಡಿಗೆ ಹೋಗುವ ಮುಂಚೆ ಅಟ್ಟ ನೋಡಿ. ಒಂದು ಯಕ್ಷಗಾನದ ಮುಖ ಖಂಡಿತ ಇರುತ್ತದೆ. ಕರಾವಳಿಯಲ್ಲಿ ಯಾವ ಸಭೆಗೆ ಹೋಗಿ ಬಂದರೂ ಸ್ಮರಣಿಕೆ ಎಂದು ಗಾಜಿನ ಪೆಟ್ಟಿಗೆಯಲ್ಲಿ ಅದನ್ನೇ ಕೊಡುತ್ತಾರೆ. ಒಂದು ಸಾಕು. ಮೂರಿದ್ದರೆ ಮನೆ ಚೌಕಿಯಾಗುತ್ತದೆ. ಈಗ ಹೋಟೆಲುಗಳು ಕೈಯಗಲದ ಅಕ್ಕಿಮುಡಿ, ಹಾಳೆಯ ಮುಟ್ಟಾಳೆ ತೂಗುಹಾಕಿ ಊಟದ ಬೆಲೆ ಏರಿಸುತ್ತವೆ. ನೀವು ಏರಿಸಬೇಕಾದ ಬೆಲೆ ಯಾವುದೂ ಇಲ್ಲ, ಆದ್ದರಿಂದ ಬೇಡ.

ಕ್ಯಾಲೆಂಡರಿಗೆ ಮಾತ್ರ ಗೌರವದ ಜಾಗ ಕೊಡಿ. ಕರಾವಳಿಯ ಮನೆಯ ಗೋಡೆಯ ನಿಜವಾದ ಚಿತ್ರಕಲೆ ಬ್ಯಾಂಕಿನ ಕ್ಯಾಲೆಂಡರು. ನಮ್ಮ ಕಡಲತಡಿಯಲ್ಲಿ ಹುಟ್ಟಿದ ಐದು ದೊಡ್ಡ ಬ್ಯಾಂಕುಗಳಲ್ಲಿ ವಿಜಯ 2019ರಲ್ಲೂ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲೂ ಬೇರೆಯವುಗಳಲ್ಲಿ ಕರಗಿದವು. ಕೆನರಾ, ಕರ್ಣಾಟಕ ಎರಡರ ಹೆಸರು ಉಳಿದಿದೆ. ಹಳೆಯ ಸಿಂಡಿಕೇಟ್ ಕ್ಯಾಲೆಂಡರ್ ಇನ್ನೂ ಇದ್ದರೆ ಫ್ರೇಮು ಹಾಕಿಸಿ. ಈ ಪಟ್ಟಿಯಲ್ಲಿ ಪುರಾತನ ವಸ್ತು ಎನ್ನಬಹುದಾದದ್ದು ಅದೊಂದೇ.

ತಾನಾಗಿ ಬರುವ ಭಾಗಗಳು

ಉಪ್ಪಿನ ಡಬ್ಬದಲ್ಲಿ ನೀರು, ಬಾಗಿಲ ಚಿಲಕದಲ್ಲಿ ತುಕ್ಕು, ಗೋಡೆಯ ಬುಡದಲ್ಲಿ ಬಿಳಿ ಪುಡಿ: ಇವನ್ನು ಪ್ರತ್ಯೇಕವಾಗಿ ಜೋಡಿಸಬೇಕಾಗಿಲ್ಲ. ಚಿಲಕಕ್ಕೆ ಪಾಲಿಷ್ ಮಾಡಿದ ಕಬ್ಬಿಣಕ್ಕಿಂತ ಹಿತ್ತಾಳೆ ಮೇಲು. ಡಿಸೆಂಬರಿನಲ್ಲಿ ಕಡಲು ಖುದ್ದಾಗಿ ಭೇಟಿ ಕೊಡುವುದೂ ಉಂಟು. 2015ರ ನೆರೆ, 2016ರ ವರ್ದಾ, 2023ರ ಮಿಚಾಂಗ್ ನೋಡಿದವರು ನೆಲಮಹಡಿಯಲ್ಲಿ ಸೋಫಾ ಕೊಳ್ಳುವಾಗ ಮರದ ಜಾತಿ ಕೇಳುವುದಿಲ್ಲ, ಕಾಲಿನ ಎತ್ತರ ಕೇಳುತ್ತಾರೆ.

ಕಳಚುವ ವಿಧಾನ

ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಬಿಡುವಾಗ ಹೌಸ್ ಓನರು ಅಡ್ವಾನ್ಸಿನಲ್ಲಿ ಪೇಂಟಿಂಗ್ ಚಾರ್ಜ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಈ ಊರಿನ ವಾಡಿಕೆ. ಗೋಡೆ ಬೆಣ್ಣೆಯಂತೆ ಉಳಿದಿದ್ದರೂ ಅಷ್ಟೇ, ನೀವು ನೀಲಿ ಬಳಿದಿದ್ದರೂ ಅಷ್ಟೇ. ಇದನ್ನು ತಿಳಿದವರು ಮೊದಲ ದಿನವೇ ಧೈರ್ಯವಾಗಿ ನೀಲಿ ಬಳಿಯುತ್ತಾರೆ.

ಈ ಕೈಪಿಡಿಯಂತೆ ನಡೆದಿದ್ದರೆ ಒಟ್ಟು ಅಲಂಕಾರ ಎರಡು ಗೋಣಿಚೀಲದಲ್ಲಿ ಹಿಡಿಯುತ್ತದೆ. ಊರಿಗೆ ಸಾಗಿಸಲು ಲಾರಿ ಬೇಡ. ತಿರುಚ್ಚಿ, ಪಾಲಕ್ಕಾಡು ಸುತ್ತಿ ಮಂಗಳೂರು ಸೇರುವ ಎಗ್ಮೋರಿನ ರೈಲಿನಲ್ಲಿ ಕೆಳಗಿನ ಬರ್ತ್ ಹಿಡಿದು ಸೀಟಿನಡಿ ತಳ್ಳಿ. ಸ್ಟೇಷನ್ನಿನ ಕಟ್ಟಡ 1908ರದು, ರಿಪೇರಿ ನಡೆಯುತ್ತಿದ್ದರೆ ರೈಲು ತಾಂಬರಂನಿಂದ ಹೊರಡುವುದೂ ಉಂಟು, ಮೊದಲೇ ವಿಚಾರಿಸಿ. ಅಮ್ಮ ಊರಿನಿಂದ ಹೊತ್ತು ತಂದ ಹೆರೆಮಣೆ ಈಗ ವಾಪಸು ಹೊರಟಿರುತ್ತದೆ, ಅದನ್ನು ಚೀಲದ ಮೇಲ್ಭಾಗದಲ್ಲೇ ಇಡಿ. ಸ್ಕ್ಯಾನರಿನಲ್ಲಿ ಅದರ ಹಲ್ಲು ಕಂಡ ಪೊಲೀಸಪ್ಪ ‘ಇದು ಎನ್ನ ಸಾರ್?’ ಎಂದು ತಡೆಯುತ್ತಾನೆ. ‘ತೇಂಗಾಯ್ ತುರುವಿ’ ಎನ್ನಿ. ಅವನ ಮನೆಯಲ್ಲೂ ಒಂದಿರುತ್ತದೆ, ಬಿಡುತ್ತಾನೆ.