ತಾರಸಿ ರಾಯರು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಬೀದಿಗೊಬ್ಬರಂತೆ ಇಂಥ ರಾಯರು ಸಿಗುತ್ತಾರೆ. ಆಡಿಟ್ ಕಚೇರಿಯಿಂದ ನಿವೃತ್ತಿ, ಮಕ್ಕಳು ಹೊರದೇಶದಲ್ಲಿ, ತಲೆಯ ಮೇಲೊಂದು ತಾರಸಿ. ಅವರ ಮನೆಗೆ ಹೋದವರಿಗೆ ಕಾಫಿ ಸಿಗುವುದು ಖಂಡಿತ. ಆದರೆ ಮೆಟ್ಟಿಲು ಹತ್ತಿ ಇಳಿದ ಮೇಲೆ.

ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಊರೆಲ್ಲ ಗಾಜಿನಮನೆಗೆ ನುಗ್ಗಿದರೆ ರಾಯರು ಬೀಜದ ಮಳಿಗೆ ಹುಡುಕುತ್ತಾರೆ. ಬೇಕಾದದ್ದು ನವಿಲುಕೋಸಿನ ಬೀಜ: ವೈಟ್ ವಿಯೆನ್ನಾ ಒಂದು ಪೊಟ್ಟಣ, ಪರ್ಪಲ್ ವಿಯೆನ್ನಾ ಇನ್ನೊಂದು. ಗೌರಿ ಹಬ್ಬದ ಹೊತ್ತಿಗೆ ಟ್ರೇಯಲ್ಲಿ ಸಸಿ, ದಸರಾ ಹೊತ್ತಿಗೆ ಗ್ರೋಬ್ಯಾಗಿನಲ್ಲಿ ನಾಟಿ. ಬಿತ್ತಿದ ದಿನ, ಬೇವಿನ ಹಿಂಡಿ ಹಾಕಿದ ದಿನ, ಎಲೆಯಡಿಯ ಹಸಿರು ಹುಳುವನ್ನು ಚಿಮಟದಲ್ಲಿ ಹಿಡಿದ ದಿನ, ಎಲ್ಲಕ್ಕೂ ನೋಟ್‌ಬುಕ್ಕಿನಲ್ಲಿ ಒಂದೊಂದು ಕಾಲಂ. ಖರ್ಚಿಗೆ ಮಾತ್ರ ಕಾಲಂ ಇಲ್ಲ. ಸರ್ವಿಸಿನುದ್ದಕ್ಕೂ ಇನ್ನೊಬ್ಬರ ಬಿಲ್ಲುಗಳಿಗೆ ಆಕ್ಷೇಪಣೆ ಹಾಕಿದ ಕೈ ಅದು!

"ಇದು ಗೆಡ್ಡೆ ಅಂದ್ಕೊಂಡಿದ್ದೀರಲ್ಲ? ಅಲ್ಲ ಕಣ್ರೀ, ಕಾಂಡ! ಊದಿಕೊಂಡ ಕಾಂಡ. ನೋಡಿ, ಮಣ್ಣಿಂದ ಮೇಲೇ ಕೂತಿದೆ." ಬಗ್ಗಿ ನೋಡದೆ ವಿಧಿಯಿಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ಒಂದೇ ಸಸ್ಯಪ್ರಭೇದದ ಅಣ್ಣತಮ್ಮಂದಿರು ಎಂಬುದು ಎರಡನೆಯ ಪಾಠ. ಕಾಶ್ಮೀರದವರು ಇದರ ಸೊಪ್ಪನ್ನೂ ಬಿಡದೆ ಸಾಸಿವೆ ಎಣ್ಣೆಯಲ್ಲಿ ಬೇಯಿಸಿ ಅನ್ನಕ್ಕೆ ಕಲಸುತ್ತಾರೆ ಎಂಬುದು ಮೂರನೆಯದು. ನೇರಳೆ ಕೋಸನ್ನು ಒಳಗೂ ನೇರಳೆ ಎಂದು ನಂಬಿ ಒಯ್ದವರಿಗೆ ಸಿಪ್ಪೆ ಹೆರೆದಾಗ ಸಿಗುವುದು ಅದೇ ಬಿಳಿ ತಿರುಳು. ಈ ವಿಷಯ ಮಾತ್ರ ಪಾಠದಲ್ಲಿ ಬರುವುದಿಲ್ಲ.

ಇಷ್ಟೆಲ್ಲ ಬಲ್ಲ ರಾಯರಿಗೆ ಬಾರದ ವಿದ್ಯೆ ಒಂದೇ: ಕೀಳುವುದು. ನಾಟಿಯಾಗಿ ಎರಡು ತಿಂಗಳೊಳಗೆ, ಕಾಯಿ ಕಿತ್ತಳೆಹಣ್ಣಿನ ಗಾತ್ರಕ್ಕೆ ಬಂದಾಗ ಕಿತ್ತರೆ ಹಸಿಯಾಗಿ ಕೋಸಂಬರಿಗೂ ಆದೀತು. ರಾಯರ ಶ್ರೀಮತಿಯವರು ಹೇಳುವುದೂ ಅದನ್ನೇ. "ರೀ, ಉಗುರು ಇಳೀತಿದೆ, ಇವತ್ತೇ ಕೀಳ್ರೀ." ರಾಯರು ಟೇಪು ಹಿಡಿದು ಸುತ್ತಳತೆ ನೋಡಿ, "ಇನ್ನೊಂದು ವಾರ ಇರಲಿ ಕಣೇ, ಇನ್ನೂ ಬೆಳೆಯುತ್ತೆ" ಎನ್ನುತ್ತಾರೆ. ಬೆಳೆಯುತ್ತದೆ, ಸುಳ್ಳಲ್ಲ. ಸಂಕ್ರಾಂತಿಯ ಹೊತ್ತಿಗೆ ತೆಂಗಿನಕಾಯಿಯಷ್ಟಾಗಿ, ಬುಡದಿಂದ ಬಿಳಿ ನಾರು ಮೇಲೇರಿ, ಈಳಿಗೆಮಣೆಯೇ ಅಲುಗಾಡುವಂತಾಗುತ್ತದೆ. ಕುಕ್ಕರಿನಲ್ಲಿ ಬೇಳೆ ಕರಗಿ ನೀರಾದರೂ ಹೋಳು ಇಟ್ಟ ಹಾಗೇ ಇರುತ್ತದೆ. ಆ ಮನೆಯಲ್ಲಿ ಬಾಯಿಗೆ ಬರುವುದು ಸೊಪ್ಪಿನ ಪಲ್ಯವೊಂದೇ, ಅದೂ ರಾಯರು ಮಧ್ಯಾಹ್ನ ಮಲಗಿದಾಗ ಶ್ರೀಮತಿಯವರು ಮೆಲ್ಲಗೆ ಚಿವುಟಿ ತಂದರೆ.

ಫೋಟೋ ಅಮೆರಿಕಕ್ಕೆ ಹೋದ ಮೇಲೆ ಕೋಸು ಬೀದಿಗೆ ಹೊರಡುತ್ತದೆ. ಮನೆಗೊಂದು, ಎಲೆಸಮೇತ. "ಔಷಧಿ ಹೊಡೆದಿಲ್ಲ, ಬೇವಿನೆಣ್ಣೆ ಅಷ್ಟೇ" ಎಂಬ ಪ್ರಮಾಣವಚನದೊಂದಿಗೆ. ಕೊಟ್ಟು ಸುಮ್ಮನಿದ್ದರೆ ಹಸುವಿಗೆ ಹಾಕಿ ಕೈ ತೊಳೆಯಬಹುದಿತ್ತು. ಆಡಿಟ್ ಬಿಟ್ಟೀತೇ? ಮಾರನೇ ಬೆಳಿಗ್ಗೆ ವಾಕಿಂಗಿನಲ್ಲಿ ಪ್ರಶ್ನೆ ಬರುತ್ತದೆ: "ಏನು ಮಾಡಿದ್ರಿ? ಹುಳಿಯೋ, ಸಾಗುವೋ?"

ಎದುರುಮನೆಯ ಟೀಚರಮ್ಮ ಇದಕ್ಕೊಂದು ದಾರಿ ಕಂಡುಕೊಂಡರು. ರಾಯರ ಕೋಸು ಹಿತ್ತಿಲ ಗೊಬ್ಬರದ ಡ್ರಮ್ಮಿಗೆ ಹೋಯಿತು. ಗಾಡಿಯವನಿಂದ ಎಳೆಯ ನವಿಲುಕೋಸು ತಂದು, ಹುಳಿ ಮಾಡಿ, ಇಂಗು ಸಾಸಿವೆ ಒಗ್ಗರಣೆ ಹಾಕಿ, ಒಂದು ಡಬ್ಬಿ ರಾಯರ ಮನೆಗೇ ಕಳಿಸಿಬಿಟ್ಟರು. ರಾಯರು ಎರಡು ಸಲ ಬಡಿಸಿಕೊಂಡರಂತೆ. "ನೋಡಿದೆಯಾ, ಮನೇಲಿ ಬೆಳೆದದ್ದರ ರುಚಿಯೇ ಬೇರೆ! ನಿನಗೆ ಬೇಯಿಸೋಕೆ ಬರಲ್ಲ ಅಷ್ಟೇ."

ಸಂಜೆ ಡಬ್ಬಿ ತೊಳೆದು, ಬರಿದಾಗಿ ಕೊಡಬಾರದೆಂದು ಒಂದಿಷ್ಟು ಸಕ್ಕರೆ ಹಾಕಿ ಹಿಂದಿರುಗಿಸಲು ಬಂದ ಶ್ರೀಮತಿಯವರು ಗೇಟಿನ ಬಳಿ ದನಿ ತಗ್ಗಿಸಿದರು: "ಯಾವ ಗಾಡಿಯವನ ಹತ್ರ ತಗೊಂಡ್ರಿ? ನಾಳೆ ನಂಗೂ ಅರ್ಧ ಕೇಜಿ ತೆಗೆದಿಡಿ."