ಮಾವನವರ ಫೋನಿನ ಭೂತ

ನಮ್ಮ ಮಾವನವರ ಫೋನಿನಲ್ಲಿ ಮೊಮ್ಮಗಳ ನಾಮಕರಣದ ಫೋಟೊ ತೆರೆದರೂ ತೊಟ್ಟಿಲ ಕೆಳಗೊಂದು ಪಟ್ಟಿ ಮಸುಕುಮಸುಕಾಗಿ ಕಾಣುತ್ತದೆ: ಬ್ರೇಕಿಂಗ್ ನ್ಯೂಸ್! ಎರಡು ವರ್ಷ, ದಿನಕ್ಕೆ ಆರು ತಾಸು, ಬ್ರೈಟ್‌ನೆಸ್ ಪೂರ್ತಿ ಏರಿಸಿ ಒಂದೇ ಚಾನೆಲ್ ನೋಡಿದ ಪುಣ್ಯಫಲ.

"ಎಷ್ಟು ಒರೆಸಿದ್ರೂ ಹೋಗ್ತಿಲ್ವಲ್ಲ ಅಳಿಯಂದ್ರೇ" ಎಂದು ಪಂಚೆಯ ಚುಂಗಿನಲ್ಲಿ ತಿಕ್ಕುತ್ತಿದ್ದರು.

ಹೋಗುವುದಾದರೂ ಹೇಗೆ? ಒಎಲ್‌ಇಡಿ ಪರದೆಗೆ ಹಿಂದಿನಿಂದ ದೀಪ ಹಿಡಿಯುವವರಿಲ್ಲ. ಒಂದೊಂದು ಚುಕ್ಕೆಯೂ ತಾನೇ ಉರಿಯುವ ಹಣತೆ. ಹೆಚ್ಚು ಉರಿದದ್ದು ಬೇಗ ಸವೆಯುತ್ತದೆ. ಕೆಂಪು, ಹಸಿರು, ನೀಲಿ ಮೂವರಲ್ಲಿ ಸಾಮಾನ್ಯವಾಗಿ ನೀಲಿಯೇ ಅಲ್ಪಾಯು. ಆದರೆ ಇವರ ಪಟ್ಟಿ ಕೆಂಪಿನದು. ಅಲ್ಲಿ ಕೆಂಪೇ ದಣಿದು, ಬಿಳಿ ಪರದೆಯ ಮೇಲೆ ಪಾಚಿಗಟ್ಟಿದಂತೆ ತಿಳಿ ಹಸಿರುನೀಲಿ ನೆರಳು. ಸ್ವಲ್ಪ ಹೊತ್ತು ನಿಂತು ಮಾಯವಾಗುವ ನೆರಳೂ ಉಂಟು; ಅದು ಉಂಡು ಹೋಗುವ ನೆಂಟ. ಇದು ಮನೆಅಳಿಯ. (ಈ ಹೋಲಿಕೆ ನಾನು ಕೊಡಬಾರದಿತ್ತು, ನಾನಿರುವುದೂ ಮಾವನ ಮನೆಯಲ್ಲೇ.)

ಫೋನಿಗೆ ಈ ಕಷ್ಟ ಗೊತ್ತು. ಆರಿದ ಪರದೆಯ ಮೇಲೆ ಸದಾ ಮಿನುಗುವ ಗಡಿಯಾರವನ್ನು ಆಗಾಗ ಕೂದಲೆಳೆಯಷ್ಟು ಸರಿಸುತ್ತಿರುತ್ತದೆ. ಚಾನೆಲ್‌ನವರು ಪಟ್ಟಿ ಸರಿಸುತ್ತಾರೆಯೇ?

"ಬ್ರೈಟ್‌ನೆಸ್ ತಗ್ಗಿಸಿ, ನಡುನಡುವೆ ಬೇರೆ ಏನಾದ್ರೂ ನೋಡಿ" ಅಂದೆ.

ಮರುದಿನ ನೋಡಿದರೆ ಫೋನನ್ನು ಅಡ್ಡಡ್ಡ, ತಲೆಕೆಳಗು ಮಾಡಿ ಹಿಡಿದಿದ್ದಾರೆ. ಅದೇ ಚಾನೆಲ್, ಅದೇ ಪಟ್ಟಿ; ಪರದೆಯ ಇನ್ನೊಂದು ಅಂಚಿನಲ್ಲಿ.

"ಆ ಕಡೇನೂ ಸವೀಲಿ ಬಿಡಿ, ಸಮ ಆಗುತ್ತೆ."